ಕೈಯಾರೆ ಬರೆದ ದಾರಿಯೇ ಯಾವಾಗಲೂ ಗೆಲ್ಲುತ್ತದೆಯೇ?

ಪಹಣಿಗೆಂದು ಬೈಲಹೊಂಗಲಕ್ಕೋ ರಾಮದುರ್ಗಕ್ಕೋ ಬಂದ ರೈತನಿಗೆ ಕೌಂಟರಿನಲ್ಲಿ ಸಿಗುವ ಉತ್ತರ ‘ಸರ್ವರ್ ಡೌನ್ ಐತ್ರಿ’. ಸರ್ವರ್ ಸರಿಯಾಗಿದ್ದು, ಅಲ್ಲಿಗೆ ಹೋಗುವ ದಾರಿ ಮಾತ್ರ ಕೆಟ್ಟಿದ್ದರೂ ಪರದೆಯ ಮೇಲೆ ಕಾಣುವುದು ಅದೇ. ಸರ್ಕಾರದ ಕೆಸ್ವಾನ್ ಜಾಲ ರಾಜ್ಯ ಕೇಂದ್ರದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಇಳಿಯುತ್ತದೆ. ಪ್ರತಿ ಹಂತದಲ್ಲೂ ರೂಟರ್ ಒಂದು ದಾರಿ ಆರಿಸಲೇಬೇಕು. ಆ ಆಯ್ಕೆಯ ಬಗ್ಗೆ ಜಾಲ ನೋಡಿಕೊಳ್ಳುವವರಲ್ಲೇ ಕೆಲವು ತಪ್ಪು ನಂಬಿಕೆಗಳಿವೆ.

‘ಸ್ಟ್ಯಾಟಿಕ್ ರೂಟ್ ಇದ್ದರೆ ಡೈನಾಮಿಕ್ ಆಟ ನಡೆಯೋದಿಲ್ಲ’ ಎಂಬುದು ಮೊದಲನೆಯದು. ನಿಜವೆಂದರೆ ರೂಟರ್ ಪ್ಯಾಕೆಟ್ ಕಳಿಸುವಾಗ ನೋಡುವುದು ಯಾವ ದಾರಿ ಹೆಚ್ಚು ನಿಖರ ಎಂಬುದನ್ನು. 10.20.0.0/16 ಎಂಬ ಸ್ಟ್ಯಾಟಿಕ್ ರೂಟನ್ನು ನೀವು ಕೈಯಾರೆ ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಅದರಲ್ಲಿ 65,536 ವಿಳಾಸಗಳು. ಓಎಸ್‌ಪಿಎಫ್ ಎಂಬ ಡೈನಾಮಿಕ್ ಪ್ರೋಟೊಕಾಲ್ ಮೂಲಕ 10.20.8.0/24 ತಾನಾಗಿ ಬಂದಿದೆ. ಅದರಲ್ಲಿ 256 ಮಾತ್ರ. 10.20.8.15ಕ್ಕೆ ಹೊರಟ ಪ್ಯಾಕೆಟ್ ಓಎಸ್‌ಪಿಎಫ್ ಹೇಳಿದ ಕಡೆಗೇ ಹೋಗುತ್ತದೆ. ನಿಮ್ಮ ಸ್ಟ್ಯಾಟಿಕ್ ರೂಟ್‌ನ ಮಾತು ಅಲ್ಲಿ ನಡೆಯುವುದಿಲ್ಲ.

ಎರಡೂ ದಾರಿ ಒಂದೇ ಜಾಲಕ್ಕೆ, ಒಂದೇ ಅಳತೆಯಲ್ಲಿ ಇದ್ದಾಗ ಮಾತ್ರ ನಂಬಿಕೆಯ ಅಂಕಿ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಅಡ್ಮಿನಿಸ್ಟ್ರೇಟಿವ್ ಡಿಸ್ಟನ್ಸ್ ಎನ್ನುತ್ತಾರೆ. ಕಡಿಮೆ ಇದ್ದಷ್ಟು ನಂಬಿಕೆ ಹೆಚ್ಚು. ಸಿಸ್ಕೊ ರೂಟರಿನಲ್ಲಿ ನೇರವಾಗಿ ಜೋಡಿಸಿದ ಜಾಲಕ್ಕೆ 0, ಸ್ಟ್ಯಾಟಿಕ್‌ಗೆ 1, ಓಎಸ್‌ಪಿಎಫ್‌ಗೆ 110, ಆರ್‌ಐಪಿಗೆ 120. ಜೂನಿಪರ್‌ನಲ್ಲಿ ಸ್ಟ್ಯಾಟಿಕ್‌ಗೆ 5, ಓಎಸ್‌ಪಿಎಫ್‌ಗೆ 10. ಕಂಪನಿ ಬದಲಾದರೆ ಅಂಕಿಯೂ ಬದಲು. ಬಾಯಿಪಾಠ ಮಾಡಿಕೊಂಡು ಹೋದವರು ಇಲ್ಲೇ ಎಡವುತ್ತಾರೆ.

‘ವೇಗದ ಲೈನನ್ನೇ ರೂಟರ್ ಆರಿಸುತ್ತದೆ’ ಎಂಬುದೂ ಪೂರ್ತಿ ನಿಜವಲ್ಲ. ಮೆಟ್ರಿಕ್, ಅಂದರೆ ದಾರಿಯ ಬೆಲೆಯ ಹೋಲಿಕೆ ನಡೆಯುವುದು ಒಂದೇ ಪ್ರೋಟೊಕಾಲ್‌ನ ಒಳಗೆ. ಅಲ್ಲೂ ಸಿಸ್ಕೊದ ಮೂಲ ಸೆಟ್ಟಿಂಗ್ ಹಾಗೇ ಬಿಟ್ಟರೆ ಓಎಸ್‌ಪಿಎಫ್ ಕಣ್ಣಿಗೆ 100 ಎಂಬಿಪಿಎಸ್ ಲೈನೂ 1 ಜಿಬಿಪಿಎಸ್ ಲೈನೂ ಒಂದೇ ಬೆಲೆ. ದಟ್ಟಣೆಯನ್ನಂತೂ ಅದು ನೋಡುವುದೇ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನಂಬಿಕೆ ‘ಲೈನ್ ಹರಿದರೆ ಸ್ಟ್ಯಾಟಿಕ್ ರೂಟ್ ತಾನಾಗಿ ಹೋಗುತ್ತದೆ, ಬ್ಯಾಕಪ್ ಹಿಡಿದುಕೊಳ್ಳುತ್ತದೆ’ ಎಂಬುದು. ಸವದತ್ತಿಯ ಒಂದು ಕಚೇರಿಯಿಂದ ಬೆಳಗಾವಿಗೆ ಎರಡು ಫೈಬರ್ ಇವೆ ಎಂದಿಟ್ಟುಕೊಳ್ಳಿ: ಒಂದು ಬೈಲಹೊಂಗಲದ ಮೇಲೆ, ಇನ್ನೊಂದು ಧಾರವಾಡ, ಕಿತ್ತೂರಿನ ಮೇಲೆ. ಬೈಲಹೊಂಗಲದ ಕಡೆಗೆ ಸ್ಟ್ಯಾಟಿಕ್ ಬರೆದಿದೆ, ಧಾರವಾಡದ ಕಡೆಯಿಂದ ಅದೇ ಜಾಲದ ದಾರಿಯನ್ನು ಓಎಸ್‌ಪಿಎಫ್ ಕಲಿತಿದೆ. ಬೈಲಹೊಂಗಲದ ಆಚೆ ಜೆಸಿಬಿ ಬಡಿದು ಫೈಬರ್ ತುಂಡಾಯಿತು. ಸವದತ್ತಿಯ ರೂಟರಿಗೆ ಇದು ಗೊತ್ತೇ ಆಗುವುದಿಲ್ಲ. ಅದರ ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ಏಕೆಂದರೆ ಪಕ್ಕದ ಮೀಡಿಯಾ ಕನ್ವರ್ಟರಿಗೆ ಕರೆಂಟ್ ಇದೆ. ಪೋರ್ಟ್ ಎದ್ದಿರುವವರೆಗೆ ಸ್ಟ್ಯಾಟಿಕ್ ರೂಟ್ ಟೇಬಲ್‌ನಲ್ಲೇ ಕೂತಿರುತ್ತದೆ. 110ರ ಓಎಸ್‌ಪಿಎಫ್ ದಾರಿ ಕೈಯಲ್ಲೇ ಇದ್ದರೂ 1 ಅದನ್ನು ಒಳಗೆ ಬಿಡುವುದಿಲ್ಲ. ಪ್ಯಾಕೆಟ್‌ಗಳು ಹರಿದ ಫೈಬರಿನ ಕಡೆಗೇ ಹೋಗಿ ಸಾಯುತ್ತವೆ, ಕೌಂಟರಿನ ಮುಂದೆ ಸಾಲು ಬೆಳೆಯುತ್ತದೆ.

ಸ್ಟ್ಯಾಟಿಕ್ ಇಲ್ಲದೆ ಓಎಸ್‌ಪಿಎಫ್ ಎರಡೂ ಲೈನಿನಲ್ಲಿ ಓಡುತ್ತಿದ್ದರೆ ಕಥೆ ಬೇರೆ. ಅದು ಸಾಮಾನ್ಯವಾಗಿ 10 ಸೆಕೆಂಡಿಗೊಮ್ಮೆ ಹಲೋ ಕಳಿಸುತ್ತದೆ. 40 ಸೆಕೆಂಡು ಆಚೆಯಿಂದ ಹಲೋ ಬರದಿದ್ದರೆ ಆ ನೆಂಟಸ್ತನ ಮುಗಿಯಿತು ಎಂದು ದಾರಿ ಬದಲಿಸುತ್ತದೆ. ಸ್ಟ್ಯಾಟಿಕ್ ಬೇಕೇ ಬೇಕೆಂದರೆ ಅದರ ಅಂಕಿಯನ್ನು 200ಕ್ಕೆ ಏರಿಸಿ. ಓಎಸ್‌ಪಿಎಫ್ ಇರುವವರೆಗೆ ಅದು ಹಿಂದೆ ನಿಂತಿರುತ್ತದೆ. ಇಲ್ಲವೇ ದೂರದ ವಿಳಾಸವೊಂದಕ್ಕೆ ಪಿಂಗ್ ಕಟ್ಟಿ, ಉತ್ತರ ನಿಂತಾಗ ಸ್ಟ್ಯಾಟಿಕ್ ಬೀಳುವಂತೆ ಮಾಡಿ.

ಹಾಗಂತ ಸ್ಟ್ಯಾಟಿಕ್ ಹಳೆಯ ಕಾಲದ್ದು ಎಂದು ತೆಗೆದುಹಾಕುವುದೂ ತಪ್ಪು. ಒಂದೇ ಲೈನ್ ಇರುವ ಸಣ್ಣ ಕಚೇರಿಗೆ ಒಂದು ಡಿಫಾಲ್ಟ್ ಸ್ಟ್ಯಾಟಿಕ್ ರೂಟ್ ಧಾರಾಳ ಸಾಕು. ಆರಿಸಲು ಎರಡನೇ ದಾರಿಯೇ ಇಲ್ಲದ ಕಡೆ ಓಎಸ್‌ಪಿಎಫ್ ಮಾಡುವುದೇನಿದೆ?

ಬ್ಯಾಕಪ್ ಪರೀಕ್ಷಿಸುವಾಗ ರೂಟರಿನ ಪೋರ್ಟಿನಿಂದ ಕೇಬಲ್ ಕೀಳಬೇಡಿ. ಆಗ ಪೋರ್ಟ್ ಬಿದ್ದು ಸ್ಟ್ಯಾಟಿಕ್ ಹೋಗುತ್ತದೆ, ಎಲ್ಲ ಸರಿಯಿದೆ ಅನ್ನಿಸುತ್ತದೆ. ನಡುವಿನ ಊರಿನ ಸ್ವಿಚ್ಚಿನಲ್ಲಿ ಆಚೆ ಬದಿಯ ಫೈಬರ್ ಬಿಚ್ಚಿ, ಬೆಳಗಾವಿಯಿಂದ ಮರಳುವ ಉತ್ತರವೂ ಹೊಸ ದಾರಿ ಹಿಡಿಯಿತೇ ಎಂದು ನೋಡಿ.