ಹೆಬ್ಬೆರಳೊಂದೇ ಫಂಕ್ ಅಲ್ಲ

ಬೇಸ್ ಗಿಟಾರ್ ಕೈಗೆ ಬಂದ ತಿಂಗಳೊಳಗೆ ಹೊಸಬರು ಕೇಳುವ ಪ್ರಶ್ನೆ ಒಂದೇ: ‘ಸ್ಲ್ಯಾಪ್ ಯಾವಾಗ ಹೇಳಿಕೊಡ್ತೀರಿ?’ ಹೆಬ್ಬೆರಳಿನ ಗೆಣ್ಣಿನಿಂದ ದಪ್ಪ ತಂತಿಗೆ ಹೊಡೆಯುವುದು ಸ್ಲ್ಯಾಪ್. ತೋರುಬೆರಳನ್ನೋ ನಡುಬೆರಳನ್ನೋ ತೆಳು ತಂತಿಯ ಅಡಿಗೆ ತೂರಿಸಿ ಎತ್ತಿ ಬಿಡುವುದು ಪಾಪ್. ಎರಡೂ ಸೇರಿದಾಗ ಹೊರಡುವ ಲೋಹದ ಸದ್ದಿಗೆ ಮರುಳಾಗದವರು ಕಡಿಮೆ. ಮೊಬೈಲಿನ ಅರ್ಧ ನಿಮಿಷದ ವಿಡಿಯೊಗಳಿಂದ ಬೇಸ್ ಪರಿಚಯವಾದವರಿಗಂತೂ ಫಂಕ್ ಎಂದರೆ ಇದೇ. ಹೆಬ್ಬೆರಳು ಓಡಬೇಕು, ಓಡಿದಷ್ಟೂ ಫಂಕ್ ಜಾಸ್ತಿ ಎಂಬ ಲೆಕ್ಕ.

ಈ ಲೆಕ್ಕ ಇತಿಹಾಸದ ಮುಂದೆ ನಿಲ್ಲುವುದಿಲ್ಲ. ಜೇಮ್ಸ್ ಬ್ರೌನ್ 1965ರ ‘ಪಾಪಾಸ್ ಗಾಟ್ ಅ ಬ್ರ್ಯಾಂಡ್ ನ್ಯೂ ಬ್ಯಾಗ್’ ಮತ್ತು 1967ರ ‘ಕೋಲ್ಡ್ ಸ್ವೆಟ್’ ಮೂಲಕ ಫಂಕ್‌ಗೆ ಅಡಿಪಾಯ ಹಾಕಿದಾಗ ಆ ಹಾಡುಗಳ ಬೇಸ್‌ನಲ್ಲಿ ಸ್ಲ್ಯಾಪ್ ಇರಲಿಲ್ಲ. ಬ್ರೌನ್ ಅವರದೇ 1970ರ ‘ಸೆಕ್ಸ್ ಮಷೀನ್’ ಹಾಡಿಗೆ ಬೇಸ್ ನುಡಿಸಿದ ಬೂಟ್ಸಿ ಕಾಲಿನ್ಸ್‌ಗೆ ಆಗ ಹದಿನೆಂಟು ವರ್ಷ. ಅಲ್ಲಿ ಕೇಳುವುದೆಲ್ಲ ಬೆರಳಿನ ಮೀಟು. ಟವರ್ ಆಫ್ ಪವರ್ ತಂಡದ ರೊಕ್ಕೊ ಪ್ರೆಸ್ಟಿಯಾ 1973ರ ‘ವಾಟ್ ಈಸ್ ಹಿಪ್?’ ಹಾಡಿನಲ್ಲಿ ಒಂದೇ ಸ್ವರವನ್ನು ಹದಿನಾರರ ನಡೆಯಲ್ಲಿ ಉಸಿರುಗಟ್ಟುವಂತೆ ಮೀಟುತ್ತಾ ಹೋಗುತ್ತಾರೆ. ಅಲ್ಲೂ ಹೆಬ್ಬೆರಳಿಗೆ ಕೆಲಸವಿಲ್ಲ. ಶೀಕ್ ತಂಡದ ಬರ್ನಾರ್ಡ್ ಎಡ್ವರ್ಡ್ಸ್ 1979ರ ‘ಗುಡ್ ಟೈಮ್ಸ್’ಗೆ ಕಟ್ಟಿದ ಬೇಸ್ ಸಾಲು ಮುಂದೆ ರ‍್ಯಾಪ್ ಸಂಗೀತದ ಮೊದಲ ದೊಡ್ಡ ಹಿಟ್‌ಗೆ ಆಧಾರವಾಯಿತು. ಅದೂ ಸ್ಲ್ಯಾಪ್ ಅಲ್ಲ. ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ಇಡೀ ವೃತ್ತಿಜೀವನ ಮುಗಿಸಿದರು. ಆ ಬೆರಳಿಗೆ ‘ಹುಕ್’ ಎಂದೇ ಹೆಸರು. ಅವರ ಬೇಸ್‌ಗೆ ‘ಫಂಕ್ ಮಷೀನ್’ ಎಂದು ಹೆಸರಿತ್ತು.

ಸ್ಲ್ಯಾಪ್ ಹುಟ್ಟಿದ ಕಥೆಯನ್ನೂ ಅರ್ಧಂಬರ್ಧ ಹೇಳುವವರೇ ಹೆಚ್ಚು. ‘ಲ್ಯಾರಿ ಗ್ರಹಾಂ ಕಂಡುಹಿಡಿದರು, ವೇದಿಕೆಯಲ್ಲಿ ಮಿಂಚಲು’ ಎನ್ನುವುದು ಸಾಮಾನ್ಯ ಆವೃತ್ತಿ. ತಂತಿಯನ್ನು ಫಲಕಕ್ಕೆ ಬಡಿಸಿ ಸದ್ದು ಹೊರಡಿಸುವುದು ಗ್ರಹಾಂ ಹುಟ್ಟುವ ಮೊದಲೇ ಇತ್ತು. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ನ್ಯೂ ಆರ್ಲಿಯನ್ಸ್‌ನ ಜಾಝ್ ವಾದಕರು ಆಳೆತ್ತರದ ಮರದ ಬೇಸ್‌ನಲ್ಲಿ ತಂತಿ ಎಳೆದು ಬಿಡುತ್ತಿದ್ದರು, ಅಂಗೈಯಿಂದ ಬಡಿಯುತ್ತಿದ್ದರು. 1954ರಲ್ಲಿ ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡ್ ಮೆಂಫಿಸ್‌ನ ಸನ್ ಸ್ಟುಡಿಯೊದಲ್ಲಿ ತಯಾರಾದಾಗ ಡ್ರಮ್ಮರ್ ಇರಲೇ ಇಲ್ಲ. ಬಿಲ್ ಬ್ಲ್ಯಾಕ್ ಮರದ ಬೇಸ್ ಬಡಿದೇ ತಾಳ ಕೊಟ್ಟರು.

ಗ್ರಹಾಂ ಅದನ್ನು ವಿದ್ಯುತ್ ಬೇಸ್‌ಗೆ ತಂದವರು, ಅದೂ ಬೇರೆಯದೇ ದಾರಿಯಲ್ಲಿ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಬೆಳೆದ ಅವರು ತಾಯಿ ಡೆಲ್ ಗ್ರಹಾಂ ಜತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ತಾಯಿ ಪಿಯಾನೊ ನುಡಿಸಿ ಹಾಡುವವರು, ಮಗ ಗಿಟಾರ್ ನುಡಿಸುತ್ತಲೇ ಆರ್ಗನ್ನಿನ ಕಾಲುಮಣೆಗಳಲ್ಲಿ ಮಂದ್ರ ಸ್ವರ ಹಿಡಿಯುವವನು, ಜತೆಗೊಬ್ಬ ಡ್ರಮ್ಮರ್. ಒಂದು ದಿನ ಆರ್ಗನ್ ಕೈಕೊಟ್ಟಿತು. ರಿಪೇರಿ ಆಗುವ ತನಕ ಇರಲಿ ಎಂದು ಬಾಡಿಗೆಗೆ ಒಂದು ಬೇಸ್ ಗಿಟಾರ್ ತಂದರು. ಆರ್ಗನ್ ರಿಪೇರಿಯಾಗಲಿಲ್ಲ. ಆಮೇಲೆ ತಾಯಿ ಡ್ರಮ್ಮರ್ ಬೇಡ, ಇಬ್ಬರೇ ಸಾಕು ಎಂದು ತೀರ್ಮಾನಿಸಿದರು. ಡ್ರಮ್ ಇಲ್ಲದ ಖಾಲಿ ಜಾಗ ತುಂಬಲು ಮಗ ಬೇಸ್ ಡ್ರಮ್ಮಿನ ಏಟಿನ ಬದಲು ಹೆಬ್ಬೆರಳಿನಿಂದ ತಂತಿಗೆ ಹೊಡೆದ. ಸ್ನೇರ್ ಡ್ರಮ್ಮಿನ ಏಟಿನ ಬದಲು ಬೆರಳಿನಿಂದ ತಂತಿ ಕಿತ್ತ. ಬೇಸ್ ತಾತ್ಕಾಲಿಕ ಎಂದುಕೊಂಡಿದ್ದರಿಂದ ‘ಸರಿಯಾದ’ ಕೈಪದ್ಧತಿ ಕಲಿಯುವ ಗೋಜಿಗೂ ಹೋಗಿರಲಿಲ್ಲ ಎಂದು ಗ್ರಹಾಂ ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ರೇಡಿಯೊದಲ್ಲಿ ಡಿಜೆ ಆಗಿದ್ದ ಸ್ಲೈ ಸ್ಟೋನ್ ಈ ಹುಡುಗನ ಬಗ್ಗೆ ಕೇಳಿ ಬಂದು ನೋಡಿ ತನ್ನ ತಂಡಕ್ಕೆ ಕರೆದುಕೊಂಡ. 1969ರ ಡಿಸೆಂಬರಿನಲ್ಲಿ ಹೊರಬಂದ ಸ್ಲೈ ಆ್ಯಂಡ್ ದ ಫ್ಯಾಮಿಲಿ ಸ್ಟೋನ್‌ನ ‘ಥ್ಯಾಂಕ್ ಯು’ ಹಾಡು 1970ರ ಫೆಬ್ರುವರಿಯಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಆ ಹೊಡೆತ ಲಕ್ಷಾಂತರ ಕಿವಿಗೆ ಬಿದ್ದದ್ದು ಆಗಲೇ.

ಈ ಕಥೆ ಬರೀ ಸ್ವಾರಸ್ಯಕ್ಕೆ ಹೇಳಿದ್ದಲ್ಲ. ಸ್ಲ್ಯಾಪ್‌ನ ಬೇರು ಡ್ರಮ್ಮಿನಲ್ಲಿದೆ ಎಂದು ಒಪ್ಪಿಕೊಂಡರೆ ಅಭ್ಯಾಸದ ದಿಕ್ಕೇ ಬದಲಾಗುತ್ತದೆ. ತಂಡದಲ್ಲಿ ಡ್ರಮ್ಮರ್ ಇದ್ದಾನೆ ಎಂದುಕೊಳ್ಳಿ. ನಿಮ್ಮ ಹೆಬ್ಬೆರಳು ಬೇಸ್ ಡ್ರಮ್ ಬಾರಿಸುವ ಅವನ ಕಾಲಿನ ಜತೆ ಬೀಳಬೇಕು, ನಿಮ್ಮ ಪಾಪ್ ಅವನ ಎಡಗೈ ಸ್ನೇರ್‌ಗೆ ಬಡಿಯುವ ಎರಡು ಮತ್ತು ನಾಲ್ಕನೆಯ ಎಣಿಕೆಗಳ ಜತೆ ಮಾತಾಡಬೇಕು. ಅವನ ಕಡೆ ಕಿವಿಗೊಡದೆ ಹೆಬ್ಬೆರಳು ಓಡಿಸುವವನು ಒಂದೇ ವೇದಿಕೆಯಲ್ಲಿ ಎರಡನೆಯ ಡ್ರಮ್ಮರ್ ಆಗಿಬಿಡುತ್ತಾನೆ, ಅದೂ ತಾಳ ತಪ್ಪಿದ ಡ್ರಮ್ಮರ್.

‘ಗಟ್ಟಿಯಾಗಿ ಹೊಡೆದರೆ ಗಟ್ಟಿ ಸದ್ದು’ ಎನ್ನುವುದು ಕೈಗೇ ಪೆಟ್ಟು ಕೊಡುವ ತಪ್ಪು ಕಲ್ಪನೆ. ಆ ಸದ್ದು ಹೇಗೆ ಹುಟ್ಟುತ್ತದೆ ನೋಡಿ. ಹೆಬ್ಬೆರಳಿನ ಪಕ್ಕದ ಮೂಳೆಯ ಗೆಣ್ಣು ಫಲಕದ ಕೊನೆಯ ಫ್ರೆಟ್‌ಗಳ ಆಸುಪಾಸಿನಲ್ಲಿ ತಂತಿಗೆ ತಗಲುತ್ತದೆ. ತಂತಿ ಕೆಳಗೆ ಬಾಗಿ ಲೋಹದ ಫ್ರೆಟ್‌ಗೆ ಬಡಿದು ಮೇಲೆ ಪುಟಿಯುತ್ತದೆ. ತಂತಿ ಫ್ರೆಟ್‌ಗೆ ಬಡಿದ ಆ ಕ್ಷಣದ ಕಟುವಾದ ಸದ್ದು, ಅದರ ಹಿಂದೆಯೇ ಬರುವ ಸ್ವರ, ಇವೆರಡೂ ಸೇರಿದ್ದೇ ಸ್ಲ್ಯಾಪ್. ಹೆಬ್ಬೆರಳು ತಂತಿಯ ಮೇಲೆ ಒಂದಿಷ್ಟು ಹೆಚ್ಚು ಹೊತ್ತು ಕೂತರೂ ಸ್ವರ ಸತ್ತುಹೋಗಿ ಬರೀ ‘ಟಕ್’ ಉಳಿಯುತ್ತದೆ. ಅಂದರೆ ಇಲ್ಲಿ ಬೇಕಾದದ್ದು ಬಲಕ್ಕಿಂತ ಬೇಗ ಕೈ ತೆಗೆಯುವ ಚುರುಕು. ಅತಿಯಾಗಿ ಹೊಡೆದರೆ ತಂತಿ ಹೆಚ್ಚು ಬಿಗಿಯಾಗಿ ಸ್ವರ ಮೊದಲ ಕ್ಷಣದಲ್ಲಿ ಮೇಲಕ್ಕೆ ಜಾರುತ್ತದೆ, ಫ್ರೆಟ್‌ಗಳ ಮೇಲೆ ಗಲಗಲ ಎನ್ನುತ್ತದೆ.

ಚಲನೆ ಬರಬೇಕಾದದ್ದು ಮೊಣಕೈಯಿಂದಲ್ಲ, ಹೆಬ್ಬೆರಳಿನ ಕೀಲಿನಿಂದಲೂ ಅಲ್ಲ. ಬಾಗಿಲಿನ ಬೀಗದಲ್ಲಿ ಕೀಲಿಕೈ ತಿರುಗಿಸುವಾಗ ಮುಂಗೈ ತಿರುಗುತ್ತದಲ್ಲ, ಅಷ್ಟೇ ತಿರುವು. ಆ ತಿರುವು ಹಿಂದಕ್ಕೆ ಹೋಗುವಾಗಲೇ ತೋರುಬೆರಳು ತಾನಾಗಿ ಪಾಪ್‌ಗೆ ಸಿದ್ಧವಾಗಿರುತ್ತದೆ. ಪಾಪ್‌ಗೂ ತಂತಿಯನ್ನು ಕಿತ್ತು ಬರುವಂತೆ ಎಳೆಯಬೇಕಿಲ್ಲ. ಬೆರಳ ತುದಿಯ ಸ್ವಲ್ಪ ಭಾಗ ಅಡಿಗೆ ಹೋದರೆ ಸಾಕು. ಕೊಕ್ಕೆಯ ಹಾಗೆ ಪೂರ್ತಿ ತೂರಿಸಿದವರ ಬೆರಳು ಸಿಕ್ಕಿಹಾಕಿಕೊಂಡು ಮುಂದಿನ ಏಟು ತಡವಾಗುತ್ತದೆ. ಬೇಸನ್ನು ಮೊಣಕಾಲಿಗೆ ತಾಗುವಂತೆ ನೇತುಹಾಕುವುದು ಫೋಟೊಗೆ ಚೆಂದ. ರೆಡ್ ಹಾಟ್ ಚಿಲ್ಲಿ ಪೆಪ್ಪರ್ಸ್‌ನ ಫ್ಲೀ ಹಾಗೆ ನುಡಿಸುತ್ತಾನೆ ಎಂದು ಎಲ್ಲರೂ ಅನುಕರಿಸಿದರೆ ಎಡ ಮಣಿಕಟ್ಟು ಮಡಚಿಕೊಂಡು ನೋವು ಶುರುವಾಗುತ್ತದೆ. ಕೂತಾಗ ಬೇಸ್ ಎಲ್ಲಿರುತ್ತದೋ ನಿಂತಾಗಲೂ ಅಲ್ಲೇ ಇರುವಂತೆ ಪಟ್ಟಿ ಬಿಗಿಯಿರಿ. ಹೆಬ್ಬೆರಳಿನ ಬೊಬ್ಬೆ ಒಡೆದು ರಕ್ತ ಬಂದರೆ ಅದನ್ನು ಪದಕ ಎಂದುಕೊಳ್ಳುವವರಿದ್ದಾರೆ. ಅದು ಏಟು ಜಾಸ್ತಿಯಾಗಿದೆ ಎಂಬ ಸೂಚನೆ. ಅವತ್ತಿಗೆ ಬೇಸ್ ಕೆಳಗಿಡಿ.

ಇಷ್ಟೆಲ್ಲ ಬಲಗೈಯ ಮಾತಾಯಿತು. ನಿಜವಾದ ಗುಟ್ಟು ಎಡಗೈಯಲ್ಲಿದೆ, ಮತ್ತು ಇದನ್ನು ಯಾವ ವಿಡಿಯೊ ಕೂಡ ಸರಿಯಾಗಿ ತೋರಿಸುವುದಿಲ್ಲ, ಏಕೆಂದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಫಂಕ್ ಸಾಲಿನಲ್ಲಿ ಕೇಳುವ ಏಟುಗಳಲ್ಲಿ ಎಷ್ಟೋ ಸ್ವರಗಳೇ ಅಲ್ಲ. ಎಡಗೈ ಬೆರಳುಗಳನ್ನು ತಂತಿಯ ಮೇಲೆ ಒತ್ತದೆ ಸುಮ್ಮನೆ ಮಲಗಿಸಿದಾಗ ಬರುವ ‘ತಕ್’ ಎಂಬ ಕುರುಡು ಸದ್ದುಗಳು. ವಾದಕರು ಇವನ್ನು ಡೆಡ್ ನೋಟ್, ಘೋಸ್ಟ್ ನೋಟ್ ಎನ್ನುತ್ತಾರೆ. ಪ್ರೆಸ್ಟಿಯಾ ಹೆಬ್ಬೆರಳಿಲ್ಲದೆ ಅಷ್ಟು ತಾಳ ತುಂಬಿದ್ದು ಹೀಗೆಯೇ, ಎಡಗೈಯಿಂದ ಪ್ರತಿ ಸ್ವರವನ್ನು ಕತ್ತರಿಸಿ. ಇಲ್ಲೊಂದು ಸಣ್ಣ ಸೂಕ್ಷ್ಮವಿದೆ. ತಂತಿ ಮುಚ್ಚಲು ಒಂದೇ ಬೆರಳು ಸಾಲದು. ಐದು, ಏಳು ಅಥವಾ ಹನ್ನೆರಡನೆಯ ಫ್ರೆಟ್ ಮೇಲೆ ಒಂಟಿ ಬೆರಳು ಹಗುರವಾಗಿ ತಾಗಿದರೆ ಕುರುಡು ಸದ್ದಿನ ಬದಲು ಗಂಟೆಯ ನಾದದಂತೆ ಹಾರ್ಮೋನಿಕ್ ಹೊರಡುತ್ತದೆ. ಎರಡು ಮೂರು ಬೆರಳು ಒಟ್ಟಿಗೆ ಮಲಗಿಸಿ. ನುಡಿಸದ ತಂತಿಗಳ ಮೇಲೂ ಉಳಿದ ಬೆರಳು ತಾಗಿರಲಿ, ಇಲ್ಲದಿದ್ದರೆ ಅವು ತಾವಾಗಿ ಕಂಪಿಸಿ ಇಡೀ ಸಾಲನ್ನು ಕೆಸರು ಮಾಡುತ್ತವೆ.

ಕರ್ನಾಟಕ ಸಂಗೀತದ ಲಯ ಕಿವಿಗೆ ಬಿದ್ದು ಬೆಳೆದವರಿಗೆ ಇಲ್ಲೊಂದು ಅನುಕೂಲ ಇದೆ. ಫಂಕ್ ನಿಂತಿರುವುದು ಒಂದು ಎಣಿಕೆಯನ್ನು ನಾಲ್ಕಾಗಿ ಒಡೆಯುವ ನಡೆಯ ಮೇಲೆ. ಅದನ್ನು ಇಂಗ್ಲಿಷ್ ಅಂಕಿಗಳಲ್ಲಿ ತಡವರಿಸಿ ಎಣಿಸುವ ಬದಲು ‘ತಕದಿಮಿ’ ಎನ್ನಿ. ನಾಲ್ಕು ತಕದಿಮಿಗೆ ಒಂದು ಸುತ್ತು. ಮೊದಲ ‘ತ’ಗೆ ಮಾತ್ರ ಹೆಬ್ಬೆರಳಿನಿಂದ ಸ್ವರ, ಉಳಿದ ಹದಿನೈದು ಜಾಗಗಳಲ್ಲಿ ಕುರುಡು ಏಟು. ಅದು ಕೈಗೆ ಕೂತ ಮೇಲೆ ಎರಡನೆಯ ಮತ್ತು ನಾಲ್ಕನೆಯ ತಕದಿಮಿಯ ‘ತ’ಗೆ ಪಾಪ್ ಸೇರಿಸಿ. ಆಮೇಲೆ ಒಂದೊಂದೇ ಕುರುಡು ಏಟನ್ನು ತೆಗೆದು ಅಲ್ಲಿ ಮೌನ ಇಡಿ. ಮುಂಬೈನ ಬೇಸ್ ವಾದಕಿ ಮೋಹಿನಿ ಡೇ ಕೊನ್ನಕೋಲಿನ ಬಾಯಿಲೆಕ್ಕವನ್ನು ಸ್ಲ್ಯಾಪ್ ಜತೆ ಬೆಸೆದು ನುಡಿಸುವುದನ್ನು ಕೇಳಿದರೆ ಈ ಎರಡು ಲೋಕಗಳ ನಡುವೆ ಅಂಥ ದೂರವೇನೂ ಇಲ್ಲ ಎಂದು ಗೊತ್ತಾಗುತ್ತದೆ.

ಮೌನದ ಮಾತು ಬಂತು. ಜೇಮ್ಸ್ ಬ್ರೌನ್ ತನ್ನ ಹೊಸ ಬೇಸ್ ಹುಡುಗ ಬೂಟ್ಸಿಗೆ ಒತ್ತಿ ಹೇಳಿಕೊಟ್ಟದ್ದು ‘ಒಂದು’ ಎಂಬ ಪಾಠ: ಸುತ್ತಿನ ಮೊದಲ ಎಣಿಕೆಯನ್ನು ಗಟ್ಟಿಯಾಗಿ ಹಿಡಿ, ಆಮೇಲೆ ಏನು ಬೇಕಾದರೂ ಮಾಡು. ಆ ಒಂದನ್ನು ಬಿಟ್ಟುಕೊಟ್ಟು ಹದಿನಾರು ಜಾಗವನ್ನೂ ಭರ್ತಿ ಮಾಡುವವರನ್ನು ಕೇಳಿದಾಗ ಕಾಲು ಕುಣಿಯುವುದಿಲ್ಲ. ನನ್ನ ಮಟ್ಟಿಗೆ ಅದು ಫಂಕ್ ಅಲ್ಲ, ವ್ಯಾಯಾಮ.

‘ಒಳ್ಳೆಯ ಸ್ಲ್ಯಾಪ್‌ಗೆ ದುಬಾರಿ ಬೇಸ್ ಬೇಕು’ ಎಂಬ ನಂಬಿಕೆಯನ್ನು ಅಂಗಡಿಗಳೇ ಸಾಕಿ ಬೆಳೆಸಿವೆ. ಸ್ಲ್ಯಾಪ್‌ಗೆ ಹೆಸರಾದ ಮಾರ್ಕಸ್ ಮಿಲ್ಲರ್ ಕೈಯಲ್ಲಿ 1977ರ ಫೆಂಡರ್ ಜಾಝ್ ಬೇಸ್, ಲೂಯಿಸ್ ಜಾನ್ಸನ್ ಕೈಯಲ್ಲಿ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ, ಸರಿ. ಗ್ರಹಾಂ ಶುರು ಮಾಡಿದ್ದು ಬಾಡಿಗೆ ಬೇಸ್‌ನಲ್ಲಿ ಎಂಬುದನ್ನು ಮಾತ್ರ ಯಾರೂ ನೆನಪಿಸುವುದಿಲ್ಲ. ಸದ್ದಿಗೆ ಹೆಚ್ಚು ವ್ಯತ್ಯಾಸ ತರುವುದು ತಂತಿ. ಮೇಲ್ಮೈ ಏರಿಳಿತವಿರುವ ರೌಂಡ್‌ವೌಂಡ್ ತಂತಿ ಹೊಸದಿದ್ದಾಗ ಮಿಂಚುತ್ತದೆ. ನುಣುಪಾದ ಫ್ಲ್ಯಾಟ್‌ವೌಂಡ್‌ನಲ್ಲಿ ಅದೇ ಏಟು ಮಂಕಾಗುತ್ತದೆ. ಆದರೆ ಜೇಮರ್ಸನ್ ಹಳೆಯ ಫ್ಲ್ಯಾಟ್‌ವೌಂಡ್ ತಂತಿಗಳನ್ನು ತುಂಡಾಗುವ ತನಕ ಬದಲಿಸುತ್ತಿರಲಿಲ್ಲ! ಇನ್ನೊಂದು, ತಂತಿ ಫಲಕದಿಂದ ತೀರಾ ಎತ್ತರದಲ್ಲಿದ್ದರೆ ಹೆಬ್ಬೆರಳು ಸೋಲುತ್ತದೆ. ಅದನ್ನು ಇಳಿಸಲು ಸಾವಿರಾರು ರೂಪಾಯಿ ಬೇಡ, ಒಂದು ಆಲೆನ್ ಕೀ ಮತ್ತು ಬಲ್ಲವರ ಕೈ ಸಾಕು. ಆಂಪ್ಲಿಫೈಯರ್‌ನಲ್ಲಿ ಮಧ್ಯದ ಕಂಪನಗಳನ್ನು ಪೂರ್ತಿ ಇಳಿಸಿ ಮೇಲಿನದು, ಕೆಳಗಿನದು ಎರಡನ್ನೂ ಏರಿಸುವ ಚಾಳಿಯೂ ಹಾಗೆಯೇ. ಒಬ್ಬರೇ ರೂಮಿನಲ್ಲಿ ನುಡಿಸುವಾಗ ಅಮೋಘ, ಗಿಟಾರ್ ಮತ್ತು ಕೀಬೋರ್ಡ್ ಸೇರಿದ ಕೂಡಲೇ ನೀವು ಕಾಣೆ.

ಬೇಸ್ ಎಂದರೆ ಗಿಟಾರಿನಲ್ಲಿ ಸೋತವರ ವಾದ್ಯ ಎಂಬ ಹಳೆಯ ಕುಹಕಕ್ಕೆ ಹೆಚ್ಚು ಜಾಗ ಕೊಡಬೇಕಿಲ್ಲ. ಬೂಟ್ಸಿ ಗಿಟಾರಿನಿಂದ, ಫ್ಲೀ ಟ್ರಂಪೆಟ್‌ನಿಂದ ಇಲ್ಲಿಗೆ ಬಂದವರು, ಸೋತು ಬಂದವರಲ್ಲ.

ಕಿವಿ ಮೋಸ ಹೋಗುವ ಕೆಲವು ಉದಾಹರಣೆಗಳೂ ಇವೆ. ಸ್ಟೀವಿ ವಂಡರ್‌ನ 1972ರ ‘ಸೂಪರ್‌ಸ್ಟಿಷನ್’, ಪಾರ್ಲಮೆಂಟ್ ತಂಡದ ‘ಫ್ಲ್ಯಾಶ್ ಲೈಟ್’ ಎರಡರಲ್ಲೂ ಬೇಸ್ ಬಂದಿರುವುದು ಮೂಗ್ ಸಿಂಥಸೈಜರ್‌ನಿಂದ. ‘ಸೈನ್‌ಫೆಲ್ಡ್’ ಧಾರಾವಾಹಿಯ ಪ್ರಸಿದ್ಧ ಸ್ಲ್ಯಾಪ್ ಸದ್ದನ್ನು ಜೊನಾಥನ್ ವೂಲ್ಫ್ ತಯಾರಿಸಿದ್ದು ಕೀಬೋರ್ಡಿನಲ್ಲಿ. ಮೈಕೆಲ್ ಜಾಕ್ಸನ್‌ನ ‘ಬಿಲ್ಲಿ ಜೀನ್’ಗೆ ಬೇಸ್ ನುಡಿಸಿದ್ದು ಸ್ಲ್ಯಾಪ್‌ಗೆ ಹೆಸರಾದ ಲೂಯಿಸ್ ಜಾನ್ಸನ್. ಅಲ್ಲಿ ಹೆಬ್ಬೆರಳು ತೆಪ್ಪಗಿದೆ, ಏಕೆಂದರೆ ಹಾಡಿಗೆ ಅದು ಬೇಕಿರಲಿಲ್ಲ. ಫ್ಲೀಯಂತೂ 1989ರಲ್ಲಿ ‘ಹೈಯರ್ ಗ್ರೌಂಡ್’ ಹಾಡನ್ನು ಹೆಬ್ಬೆರಳಿನಿಂದ ಗುಡುಗಿಸಿ, 1991ರ ‘ಬ್ಲಡ್ ಶುಗರ್ ಸೆಕ್ಸ್ ಮ್ಯಾಜಿಕ್’ ಆಲ್ಬಮ್ಮಿಗೆ ಬರುವಷ್ಟರಲ್ಲಿ ಬೇಕೆಂದೇ ಸ್ಲ್ಯಾಪ್ ಕಡಿಮೆ ಮಾಡಿದ.

ಸ್ಲ್ಯಾಪ್ ಕಲಿಯಬೇಡಿ ಎನ್ನುತ್ತಿಲ್ಲ, ಕಲಿಯಿರಿ. ಮೊದಲು ‘ಥ್ಯಾಂಕ್ ಯು’ ಹಾಕಿಕೊಳ್ಳಿ. ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಒಂದೇ ಕಾರ್ಡ್, ಒಂದೇ ಸಾಲು. ಅದರ ಜತೆ ಒಂದೂ ಅಲಂಕಾರ ಸೇರಿಸದೆ, ವೇಗ ಕೂಡಿಸದೆ, ಕಳೆಯದೆ ಕೊನೆತನಕ ನುಡಿಸಿ, ರೆಕಾರ್ಡ್ ಮಾಡಿ ಕೇಳಿ. ಡ್ರಮ್ ಮತ್ತು ನಿಮ್ಮ ಹೆಬ್ಬೆರಳು ಎರಡು ಬೇರೆ ಸದ್ದುಗಳಾಗಿ ಕೇಳುತ್ತಿದ್ದರೆ, ವಿಕ್ಟರ್ ವೂಟನ್ ಹೆಬ್ಬೆರಳನ್ನು ಮೇಲೆ ಕೆಳಗೆ ಎರಡೂ ಕಡೆ ಓಡಿಸುವ ‘ಡಬಲ್ ಥಂಬ್’ ಸದ್ಯಕ್ಕೆ ಬೇಡ.