ಹಳೇ ಬೆಂಜ್ ಕಾರು ಮಾರುವ ಮುನ್ನ



ಕಾರ್ಯಕ್ರಮ ಮುಗಿದ ಮೇಲೆ ಸ್ಟುಡಿಯೋಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳು. ಮಾಟುಂಗಾದಿಂದ ಬಂದ ಒಂದು ಫೋನು ಮಾತ್ರ ಬೇರೆ ಥರದ್ದು. "ನೋಡಪ್ಪಾ, ನಮ್ಮ ಮನೆಯವರ ಬೆಂಜ್ ಕಾರು ಮಾರಬೇಕು. ಯಾರಿಗೆ ಹೇಳೋದು, ಎಷ್ಟಕ್ಕೆ ಕೊಡೋದು, ಒಂದೂ ಗೊತ್ತಾಗ್ತಿಲ್ಲ" ಎಂದರು ಆ ತಾಯಿ.

1972ರ ಮರ್ಸಿಡಿಸ್ 220 ಡಿ. ಯಜಮಾನರು ನಿವೃತ್ತಿಯಾದ ಮೇಲೆ ಆರು ವರ್ಷ ಕೂತು, ಒಂದೊಂದೇ ಬೋಲ್ಟು ಬಿಚ್ಚಿ ಅದನ್ನು ಸರಿಮಾಡಿದ್ದರು. ಅವರು ತೀರಿಕೊಂಡು ವರ್ಷ ಕಳೆದಿದೆ. ಈಗ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿದೆ, ಗ್ಯಾರೇಜು ಖಾಲಿ ಮಾಡಬೇಕು. ಒಬ್ಬ ದಲ್ಲಾಳಿ ಬಂದು, ಬಾನೆಟ್ಟು ಕೂಡ ಎತ್ತಿ ನೋಡದೆ, "ಹಳೇ ಡೀಸೆಲ್ ಗಾಡಿ, ಗುಜರಿಗೆ ಹೋಗೋದೇ" ಎಂದು ಒಂದು ರೇಟು ಹೇಳಿ ಹೋಗಿದ್ದನಂತೆ.

ನಾನು ಓದಿದ್ದು ಕನ್ನಡ ಬಿ.ಎ., ಕಾರಿನ ಪಂಡಿತನಲ್ಲ. ಆದರೂ ನಾಲ್ಕು ಜನರನ್ನು ಕೇಳಿ, ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಅಪ್ಪನದೋ ಮಾವನದೋ ಹಳೆಯ ಕಾರು ಇಟ್ಟುಕೊಂಡಿರುವ ಕನ್ನಡಿಗರು ನಿಮ್ಮಲ್ಲೂ ಇರಬಹುದು. ಎಲ್ಲವನ್ನೂ ಒಂದೇ ಮಾತಿನಲ್ಲಿ ಹೇಳುವುದಾದರೆ, ಇಂಥ ಕಾರಿಗೆ ಬೆಲೆ ಬರುವುದು ಹೊಳಪಿನಿಂದಲ್ಲ, ಪುರಾವೆಯಿಂದ.

ಮೊದಲು ಹೆಸರು ಬದಲಾಗಲಿ

ಆರ್‌ಸಿ ಪುಸ್ತಕದಲ್ಲಿ ತೀರಿಕೊಂಡವರ ಹೆಸರಿದ್ದರೆ, ಹೆಂಡತಿಯೇ ಆಗಲಿ ಮಕ್ಕಳೇ ಆಗಲಿ ಕಾರನ್ನು ನೇರವಾಗಿ ಮಾರುವಂತಿಲ್ಲ. ಮೊದಲು ವಾರಸುದಾರರ ಹೆಸರಿಗೆ ವರ್ಗವಾಗಬೇಕು. ಅದಕ್ಕೆ ಬೇಕಾದದ್ದು ಫಾರಂ 31. ನಿಯಮದ ಪ್ರಕಾರ ಸಾವಿನ ಸಂಗತಿಯನ್ನು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ಈ ಅರ್ಜಿ ಕೊಡಬೇಕು. ದುಃಖದಲ್ಲಿರುವ ಮನೆಯಲ್ಲಿ ಇದು ಯಾರಿಗೆ ನೆನಪಿರುತ್ತದೆ? ತಡವಾಗಿದ್ದರೆ ದಂಡ ಕಟ್ಟಿ ಮಾಡಿಸಿಕೊಳ್ಳಿ. ಮರಣ ಪ್ರಮಾಣಪತ್ರದ ಜೊತೆಗೆ ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಇರಲಿ. 2021ರಿಂದ ಆರ್‌ಸಿಯಲ್ಲೇ ನಾಮಿನಿ ಹೆಸರು ಬರೆಸುವ ಅವಕಾಶ ಬಂದಿದೆ. ಗಾಡಿ ಇರುವವರೆಲ್ಲ ಈ ಕೆಲಸ ಇವತ್ತೇ ಮಾಡಿಬಿಡಿ.

ಕಾರಿನ ಜಾತಕ

ಈ ಮಾದರಿ 1968ರಿಂದ 1976ರವರೆಗೆ ಜರ್ಮನಿಯಲ್ಲಿ ತಯಾರಾಯಿತು. 2.2 ಲೀಟರಿನ ಡೀಸೆಲ್ ಎಂಜಿನ್ ಕೊಡುವುದು 60 ಅಶ್ವಶಕ್ತಿ ಮಾತ್ರ. ಓಟಕ್ಕಿಂತ ಬಾಳಿಕೆಗೆ ಹೆಸರಾದ ಗಾಡಿ. ಇದರ ಚಾಸಿ ನಂಬರನ್ನು ಶಾಸನ ಓದಿದಂತೆ ಓದಬಹುದು. ಮೊದಲ 115 ಎಂದರೆ ಸರಣಿ. ಮುಂದಿನ 110 ಎಂದರೆ 220 ಡಿ ಸೆಡಾನ್. ಆಮೇಲಿನ ಅಂಕಿ 1 ಇದ್ದರೆ ಎಡಗಡೆ ಸ್ಟೇರಿಂಗ್, 2 ಇದ್ದರೆ ಬಲಗಡೆ. ಅದರ ಮುಂದೆ 0 ಇದ್ದರೆ ಕೈಯಿಂದ ಹಾಕುವ ಗೇರು, 2 ಇದ್ದರೆ ಆಟೋಮ್ಯಾಟಿಕ್. ಕಾರಿನ ಮೇಲಿನ ನಂಬರು, ಆರ್‌ಸಿಯ ನಂಬರು, ಎದುರಿಗೆ ನಿಂತಿರುವ ಕಾರು, ಮೂರೂ ತಾಳೆಯಾಗಬೇಕು. ಪೆನ್ಸಿಲಿನಲ್ಲಿ ಉಜ್ಜಿ ನಂಬರಿನ ಅಚ್ಚು ತೆಗೆದಿಡಿ.

ಇನ್ನೊಂದು ವಿಷಯ. ಮರ್ಸಿಡಿಸ್ ಕಾರುಗಳ ಜೋಡಣೆ ಪುಣೆಯಲ್ಲಿ ಶುರುವಾದದ್ದು 1995ರಲ್ಲಿ. ಅಂದಮೇಲೆ 1972ರ ಕಾರು ಹೊರದೇಶದಿಂದಲೇ ಬಂದಿರಬೇಕು. ವಿದೇಶದಿಂದ ಮರಳಿದವರು ತಂದದ್ದೋ, ರಾಯಭಾರ ಕಚೇರಿಯದ್ದೋ, ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾದದ್ದೋ ಎಂಬುದನ್ನು ಕಾಗದ ಹೇಳಬೇಕು. ಸುಂಕ ಕಟ್ಟಿದ ಹಳೇ ರಸೀತಿ ಟ್ರಂಕಿನ ತಳದಲ್ಲಿದ್ದರೆ ಅದು ಬಂಗಾರ.

ಏನು ಹಳತು, ಏನು ಹೊಸತು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದು ಅನುಭವಿ ಗಿರಾಕಿಗೆ ಗೊತ್ತು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡೇ ಬರುತ್ತಾನೆ. ತಗಡಿನ ಬದಲು ಪುಟ್ಟಿ ತುಂಬಿದ ಜಾಗದಲ್ಲಿ ಅದು ಅಂಟುವುದಿಲ್ಲ. ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ ಉಂಡ ಮುಂಬಯಿ, ಚೆನ್ನೈ ಕಾರುಗಳಲ್ಲಿ ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ, ಕಾರ್ಪೆಟ್ಟಿನ ಕೆಳಗಿನ ನೆಲ, ಹೆಡ್‌ಲೈಟಿನ ಸುತ್ತ, ಸ್ಟೆಪ್ನಿ ಇಡುವ ಗುಂಡಿ ಇವೇ ಮೊದಲು ತುಕ್ಕು ಹಿಡಿಯುತ್ತವೆ. ಅವನು ನೋಡುವುದೂ ಅಲ್ಲೇ.

ಆದ್ದರಿಂದ ನೀವೇ ಒಂದು ಪಟ್ಟಿ ಮಾಡಿ. ಯಾವ ತಗಡು ಬದಲಾಗಿದೆ, ಬಣ್ಣ ಮೂಲದ್ದೇ ಅಥವಾ ಹೊಸದೇ, ಸೀಟಿನ ಹೊದಿಕೆ ಎಲ್ಲಿ ಹೊಲಿಸಿದ್ದು, ಎಂಜಿನ್ ಮೊದಲಿನದೇ ಎಂದು ಒಂದೊಂದಾಗಿ ಬರೆಯಿರಿ. ಬಿಡಿಭಾಗ ಸಿಗದ ಕಾಲದಲ್ಲಿ ಆಮದು ಕಾರುಗಳಿಗೆ ಬೇರೆ ಗಾಡಿಯ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮಲ್ಲಿ ಸಾಮಾನ್ಯವಾಗಿತ್ತು. ಹಾಗಾಗಿದ್ದರೆ ಮುಚ್ಚಿಡಬೇಡಿ. ನೀವಾಗಿ ಹೇಳಿದ ಕೊರತೆ ಬೆಲೆಯನ್ನು ಸ್ವಲ್ಪ ಇಳಿಸೀತು. ಅವನೇ ಹುಡುಕಿದ ಕೊರತೆ ನಂಬಿಕೆಯನ್ನೇ ಕೆಡಿಸುತ್ತದೆ. ಗಿರಾಕಿ ಬರುವ ಮೊದಲು ಎಂಜಿನ್ ಬಿಸಿಮಾಡಿ ಇಡಬೇಡಿ. ತಣ್ಣಗಿರುವ ಡೀಸೆಲ್ ಎಂಜಿನ್ ಅವನ ಕಣ್ಣೆದುರೇ ಶುರುವಾಗಲಿ. ಅದಕ್ಕಿಂತ ದೊಡ್ಡ ಜಾಹೀರಾತಿಲ್ಲ.

ವಿಂಟೇಜ್ ಎಂಬ ಮುದ್ರೆ

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳಿಗೆ ಇದು ಅನ್ವಯ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಮೇಲೆ ಹೇಳಿದ ಪಟ್ಟಿ ಇಲ್ಲೂ ಕೆಲಸಕ್ಕೆ ಬರುತ್ತದೆ. ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹೊಸದಾಗಿ ನೋಂದಣಿಯಾಗುವ ಗಾಡಿಗೆ 'ವಿಎ' ಅಕ್ಷರಗಳಿರುವ ನಂಬರು. ಆಗಲೇ ನೋಂದಣಿಯಾಗಿರುವ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಎಂವೈ ಎಂದು ಶುರುವಾಗುವ ಹಳೇ ಮೈಸೂರು ನಂಬರು ಯಾರ ಕಾರಿನ ಮೇಲಾದರೂ ಇದ್ದರೆ ಆ ಸೊಗಸು ಹಾಗೇ ಉಳಿಯುತ್ತದೆ.

ಆದರೆ ಈ ಮುದ್ರೆ ಬಿದ್ದ ಕಾರಿನಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು ಇಂಥವಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯ ಓಡಿಸುವ ಆಸೆಯಿದ್ದರೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಬೇಕು. 2025ರ ಆಗಸ್ಟಿನ ಅಧಿಸೂಚನೆಯಂತೆ 20 ವರ್ಷ ಮೀರಿದ ಆಮದು ಕಾರಿಗೆ ಅದರ ಶುಲ್ಕ 80,000 ರೂಪಾಯಿ. ಯಾವ ದಾರಿ ಎಂಬುದನ್ನು ಗಿರಾಕಿಯ ಜೊತೆ ಮೊದಲೇ ಮಾತಾಡಿಕೊಳ್ಳಿ. ಅವನು ದೆಹಲಿಯವನಾದರೆ ಇನ್ನೂ ಎಚ್ಚರ. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ ಅಲ್ಲಿ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೊಳಿಸಲು ಹೇಳಿತು. ಆಮೇಲೂ ಆದೇಶಗಳು ಬಂದಿವೆ. ಮುಂಗಡ ಪಡೆಯುವ ಮೊದಲು ಅವನೇ ತನ್ನ ಆರ್‌ಟಿಓದಲ್ಲಿ ವಿಚಾರಿಸಿಕೊಂಡು ಬರಲಿ.

ಬೆಲೆ ಎಷ್ಟು?

ಖರ್ಚು ಮಾಡಿದ್ದೇ ಬೆಲೆಯಲ್ಲ. ಕೇಳಲು ಕಷ್ಟ, ಆದರೆ ನಿಜ. ಆರು ವರ್ಷದ ಶ್ರಮಕ್ಕೆ ಯಾವ ಗಿರಾಕಿಯೂ ಕೂಲಿ ಕೊಡುವುದಿಲ್ಲ. ಈ ಸರಣಿಯ ಕಾರುಗಳು 18 ಲಕ್ಷಕ್ಕೂ ಹೆಚ್ಚು ತಯಾರಾಗಿದ್ದವು, ಆದ್ದರಿಂದ ಇದು ರಾಜಮಹಾರಾಜರ ರೋಲ್ಸ್‌ರಾಯ್ಸ್‌ನಷ್ಟು ಅಪರೂಪದ್ದಲ್ಲ. ಹಾಗೆಂದು ಗುಜರಿಯೂ ಅಲ್ಲ. ಇದೇ ಮಾದರಿಯ ಕಾರುಗಳಿಗೆ ಇತ್ತೀಚೆಗೆ ನಿಜವಾಗಿ ಕೈಗೆ ಬಂದ ಹಣ ಎಷ್ಟೆಂದು ವಿಂಟೇಜ್ ಕ್ಲಬ್ಬಿನವರನ್ನು, ಹಳೇ ಮೆಕ್ಯಾನಿಕ್‌ಗಳನ್ನು ಕೇಳಿ. ಕನಿಷ್ಠ ಮೂವರ ಮಾತು ಕೇಳುವವರೆಗೆ ಯಾರಿಗೂ ಹೂಂ ಅನ್ನಬೇಡಿ.

ಕೀಲಿ ಕೊಡುವ ದಿನ

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದೇ ಈ ದಿನಕ್ಕಾಗಿ ಇರಬೇಕು. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಅಪಘಾತವಾದರೆ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಫಾರಂ 29 ಮತ್ತು 30 ಇಬ್ಬರೂ ಸಹಿ ಮಾಡಿ ಆರ್‌ಟಿಓಗೆ ತಲುಪಿಸಿ. ಗಿರಾಕಿ ಬೇರೆ ರಾಜ್ಯದವನಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ವಿಮೆಯೂ ವರ್ಗವಾಗಲಿ. ಕಾರು ಕೊಟ್ಟ ದಿನಾಂಕ, ಗಂಟೆ ಬರೆದು ಸಹಿ ಪಡೆಯಿರಿ. ಹಣ ಬ್ಯಾಂಕಿನ ಮೂಲಕವೇ ಬರಲಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮಾಟುಂಗಾದ ತಾಯಿಯ ಕಥೆ ಏನಾಯಿತು ಎಂದು ಕೇಳುತ್ತೀರಿ. ಕಾಗದ ಹುಡುಕುವಾಗ ಯಜಮಾನರ ಒಂದು ನೋಟ್‌ಬುಕ್ ಸಿಕ್ಕಿತಂತೆ. ಯಾವ ದಿನ ಯಾವ ಭಾಗ ಬಿಚ್ಚಿದ್ದು, ಎಷ್ಟು ಖರ್ಚು, ಎಲ್ಲ ಬಿಲ್ಲುಗಳ ಸಮೇತ. ಪುಣೆಯಿಂದ ಬಂದ ಗಿರಾಕಿ ಮರಾಠಿಯವರು. ಪುಸ್ತಕ ಪೂರ್ತಿ ಕನ್ನಡದಲ್ಲಿದೆ! ಆ ತಾಯಿ ಪಕ್ಕದಲ್ಲಿ ಕೂತು ಪುಟ ಪುಟವೂ ಓದಿ ಹೇಳಿದರು. ಒಂದು ಗಂಟೆ ಕೇಳಿದ ಮೇಲೆಯೇ ಅವರು ಕಾರಿನ ಹತ್ತಿರ ಹೋದದ್ದು. ದಲ್ಲಾಳಿ ಹೇಳಿದ ರೇಟಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ನೋಟ್‌ಬುಕ್ ಕಾರಿನ ಜೊತೆಗೇ ಹೋಯಿತು. "ಝೆರಾಕ್ಸ್ ಮಾಡಿಸಿ ಇಟ್ಕೊಂಡಿದೀನಪ್ಪಾ, ಅಷ್ಟು ಸಾಕು" ಎಂದರು ಫೋನಿನಲ್ಲಿ. ಆಮೇಲೆ ಒಂದು ಹಾಡು ಕೇಳಿದರು. ಈ ವಾರ ಅದನ್ನು ಹಾಕುತ್ತೇನೆ, ಕೇಳಿ.