ರಕ್ತ ಪರೀಕ್ಷೆಗೆ ನಾಲ್ಕೈದು ಟ್ಯೂಬ್ ಯಾಕೆ? ಉಳಿದ ರಕ್ತವನ್ನು ಲ್ಯಾಬ್‌ನವರು ಮಾರುತ್ತಾರಾ?

“ಶುಗರ್ ನೋಡಲು ಒಂದು ಹನಿ ರಕ್ತ ಸಾಕು. ಹಾಗಿದ್ದ ಮೇಲೆ ಲ್ಯಾಬ್‌ನವರು ನಾಲ್ಕು ಟ್ಯೂಬ್ ತುಂಬಿಸಿಕೊಳ್ಳುವುದೇಕೆ? ಉಳಿದದ್ದನ್ನು ಮಾರಿಕೊಳ್ಳುತ್ತಾರೆ!” ಈ ಮಾತನ್ನು ನೀವೂ ಎಲ್ಲಾದರೂ ಕೇಳಿರಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಂಟಿಕೊಂಡಿರುವ ಉತ್ತರ ಮಾತ್ರ ತಪ್ಪು.

ಎಷ್ಟು ರಕ್ತ ಹೋಗುತ್ತದೆ?

ಒಂದು ಟ್ಯೂಬ್‌ಗೆ ಸಾಮಾನ್ಯವಾಗಿ 2ರಿಂದ 5 ಮಿಲಿ ರಕ್ತ ಹಿಡಿಯುತ್ತದೆ. ನಾಲ್ಕು ಟ್ಯೂಬ್ ತುಂಬಿದರೂ ಸುಮಾರು 15 ಮಿಲಿ, ಅಂದರೆ ಮೂರು ಟೀ ಚಮಚದಷ್ಟು. ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ರಕ್ತದಾನ ಮಾಡುವಾಗ ಒಂದೇ ಸಲಕ್ಕೆ 350 ಅಥವಾ 450 ಮಿಲಿ ಕೊಡುತ್ತೇವೆ.

ಅದನ್ನು ಮಾರಲು ಆಗುತ್ತದೆಯೇ?

ಆಗುವುದಿಲ್ಲ. ರೋಗಿಗೆ ಏರಿಸುವ ರಕ್ತವನ್ನು ಸೋಂಕುರಹಿತ ಚೀಲದಲ್ಲಿ ಸಂಗ್ರಹಿಸಿ, ಎಚ್‌ಐವಿ, ಹೆಪಟೈಟಿಸ್, ಮಲೇರಿಯಾ ಮುಂತಾದ ಪರೀಕ್ಷೆ ಮಾಡಬೇಕು. ಟ್ಯೂಬ್‌ನಲ್ಲಿರುವ ಕೆಲವೇ ಮಿಲಿ ರಕ್ತಕ್ಕೆ ಪರೀಕ್ಷೆಗೆ ಬೇಕಾದ ರಾಸಾಯನಿಕ ಬೆರೆತಿರುತ್ತದೆ. ಅದನ್ನು ಯಾರಿಗೂ ಏರಿಸುವಂತಿಲ್ಲ. ಜೊತೆಗೆ, ಸುಪ್ರೀಂ ಕೋರ್ಟ್ 1996ರಲ್ಲಿ ನೀಡಿದ ತೀರ್ಪಿನಂತೆ 1998ರ ಜನವರಿ 1ರಿಂದ ಭಾರತದಲ್ಲಿ ಹಣಕ್ಕಾಗಿ ರಕ್ತ ಕೊಡುವುದೇ ನಿಷಿದ್ಧ.

ಹಾಗಾದರೆ ಬೇರೆ ಬೇರೆ ಟ್ಯೂಬ್ ಯಾಕೆ?

ದೇಹದಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ. ಕೆಲವು ಪರೀಕ್ಷೆಗಳಿಗೆ ರಕ್ತ ಹೆಪ್ಪುಗಟ್ಟಲೇಬಾರದು. ಇನ್ನು ಕೆಲವಕ್ಕೆ ಹೆಪ್ಪುಗಟ್ಟಲೇಬೇಕು. ಎರಡೂ ಒಂದೇ ಟ್ಯೂಬ್‌ನಲ್ಲಿ ನಡೆಯುವುದಿಲ್ಲ. ಟ್ಯೂಬ್ ಒಳಗೆ ಏನಿದೆ ಎಂಬುದನ್ನು ಮುಚ್ಚಳದ ಬಣ್ಣ ಹೇಳುತ್ತದೆ:

• ನೇರಳೆ: ಇಡಿಟಿಎ ಎಂಬ ರಾಸಾಯನಿಕವಿದೆ. ರಕ್ತ ಹೆಪ್ಪುಗಟ್ಟದಂತೆ ತಡೆದು, ರಕ್ತಕಣಗಳ ಆಕಾರ ಕಾಪಾಡುತ್ತದೆ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್ ಎಣಿಕೆ, ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಪರೀಕ್ಷೆ ಇದರಲ್ಲಿ.
• ತಿಳಿನೀಲಿ: ಸೋಡಿಯಂ ಸಿಟ್ರೇಟ್ ದ್ರವ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ಅಳೆಯಲು.
• ಕೆಂಪು ಅಥವಾ ಹಳದಿ: ಇಲ್ಲಿ ರಕ್ತ ಹೆಪ್ಪುಗಟ್ಟಲು ಬಿಡುತ್ತಾರೆ. ಲಿವರ್, ಕಿಡ್ನಿ, ಥೈರಾಯ್ಡ್, ಕೊಲೆಸ್ಟ್ರಾಲ್ ಪರೀಕ್ಷೆಗಳಿಗೆ.
• ಬೂದು: ಫ್ಲೋರೈಡ್ ಇದೆ. ಶುಗರ್ ಪರೀಕ್ಷೆಗೆ.

ಕಂಪನಿಯಿಂದ ಕಂಪನಿಗೆ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು.

ಹಳದಿ ಮುಚ್ಚಳದ ಟ್ಯೂಬ್‌ನ ತಳದಲ್ಲಿ ಒಂದು ಜೆಲ್ ಇರುತ್ತದೆ. ರಕ್ತ ಹೆಪ್ಪುಗಟ್ಟಲು ಸುಮಾರು ಅರ್ಧ ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಹತ್ತು ನಿಮಿಷ ವೇಗವಾಗಿ ತಿರುಗಿಸುತ್ತಾರೆ. ಮೊಸರು ಕಡೆದಾಗ ಹಗುರವಾದ ಬೆಣ್ಣೆ ಮೇಲೆ ತೇಲುವ ಹಾಗೆ, ಇಲ್ಲಿ ಭಾರದ ರಕ್ತಕಣಗಳು ತಳ ಸೇರಿ, ಸೀರಂ ಎಂಬ ತಿಳಿ ಹಳದಿ ದ್ರವ ಮೇಲೆ ನಿಲ್ಲುತ್ತದೆ. ಜೆಲ್‌ನ ತೂಕ ಇವೆರಡರ ಮಧ್ಯದ್ದು. ಹಾಗಾಗಿ ಅದು ನಡುವೆ ಬಂದು ಗೋಡೆಯಂತೆ ಕೂರುತ್ತದೆ. ಪರೀಕ್ಷೆ ನಡೆಯುವುದು ಮೇಲಿನ ಸೀರಂನಲ್ಲಿ. ತುಂಬಿದ ಟ್ಯೂಬ್‌ನಲ್ಲಿ ಅದು ಸಿಗುವುದು ಅರ್ಧದಷ್ಟು ಮಾತ್ರ.

ಟ್ಯೂಬ್ ತಪ್ಪಿದರೆ ಏನಾಗುತ್ತದೆ?

ನೇರಳೆ ಟ್ಯೂಬ್‌ನ ಇಡಿಟಿಎಯಲ್ಲಿ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿನ ರಕ್ತವನ್ನು ಹಳದಿ ಟ್ಯೂಬ್‌ಗೆ ಸುರಿದರೆ, ರಿಪೋರ್ಟ್‌ನಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿದಂತೆಯೂ ಕ್ಯಾಲ್ಸಿಯಂ ಕುಸಿದಂತೆಯೂ ಕಾಣುತ್ತದೆ. ಇಲ್ಲದ ಕಾಯಿಲೆಗೆ ಚಿಕಿತ್ಸೆ ಶುರುವಾಗಬಹುದು. ಯಾವ ಬಣ್ಣದ ನಂತರ ಯಾವ ಬಣ್ಣದ ಟ್ಯೂಬ್ ಎಂಬ ಕ್ರಮವನ್ನು ಲ್ಯಾಬ್‌ನವರು ಪಾಲಿಸುವುದು ಇದಕ್ಕೇ.

ಶುಗರ್ ವಿಷಯ ನೋಡಿ. ಟ್ಯೂಬ್‌ನೊಳಗೂ ರಕ್ತಕಣಗಳು ಜೀವಂತವಾಗಿದ್ದು ಗ್ಲುಕೋಸ್ ತಿನ್ನುತ್ತಲೇ ಇರುತ್ತವೆ. ಕಣಗಳನ್ನು ಬೇರ್ಪಡಿಸದೆ ಹಾಗೇ ಇಟ್ಟರೆ ಗಂಟೆಗೆ ಶೇ 5ರಿಂದ 7ರಷ್ಟು ಗ್ಲುಕೋಸ್ ಇಳಿಯುತ್ತದೆ. ಬೂದು ಟ್ಯೂಬ್‌ನ ಫ್ಲೋರೈಡ್ ಇದಕ್ಕೆ ಕಡಿವಾಣ ಹಾಕುತ್ತದೆ. ಇಲ್ಲದಿದ್ದರೆ ಶುಗರ್ ಇದ್ದವರಿಗೂ ‘ನಾರ್ಮಲ್’ ಎಂಬ ರಿಪೋರ್ಟ್ ಬರಬಹುದು.

‘ಸ್ವಲ್ಪ ಕಡಿಮೆ ತಗೊಳ್ಳಿ’ ಅನ್ನಬಹುದೇ?

ಈ ಟ್ಯೂಬ್‌ಗಳ ಒಳಗೆ ನಿರ್ವಾತ ಇರುತ್ತದೆ. ಸೂಜಿ ತಾಗಿದೊಡನೆ ಅಳತೆಯಷ್ಟೇ ರಕ್ತ ತಾನಾಗಿ ಎಳೆದುಕೊಂಡು ನಿಲ್ಲುತ್ತದೆ. ಅಮೆರಿಕದ ಜೋಸೆಫ್ ಕ್ಲೈನರ್ 1940ರ ದಶಕದಲ್ಲಿ ರೂಪಿಸಿದ ಈ ವಿಧಾನವೇ ಇಂದಿನ ‘ವ್ಯಾಕ್ಯೂಟೇನರ್’. ತಿಳಿನೀಲಿ ಟ್ಯೂಬ್‌ನಲ್ಲಿ 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್ ಇರಲೇಬೇಕು. ಅರ್ಧ ತುಂಬಿಸಿದರೆ, ರಕ್ತ ಹೆಪ್ಪುಗಟ್ಟಲು ಇರುವುದಕ್ಕಿಂತ ಹೆಚ್ಚು ಸಮಯ ಬೇಕೆಂಬ ತಪ್ಪು ಫಲಿತಾಂಶ ಬರುತ್ತದೆ. ಹೃದಯದ ಕವಾಟ ಬದಲಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುತ್ತಿರುವವರಿಗೆ ಇದನ್ನು ನಂಬಿ ಡೋಸ್ ಇಳಿಸಿದರೆ ಜೀವಕ್ಕೇ ಅಪಾಯ.

ಆದರೆ ಆತಂಕದಲ್ಲಿ ಒಂದಿಷ್ಟು ಸತ್ಯವೂ ಇದೆ. ನವಜಾತ ಶಿಶುಗಳಿಂದ, ಐಸಿಯುನಲ್ಲಿ ದಿನವೂ ಪರೀಕ್ಷೆ ಮಾಡಿಸಿಕೊಳ್ಳುವವರಿಂದ ಪದೇ ಪದೇ ರಕ್ತ ತೆಗೆದರೆ ರಕ್ತಹೀನತೆ ಉಂಟಾಗಬಹುದು. ಇಂಥವರಿಗಾಗಿ ಅರ್ಧ ಮಿಲಿ ಹಿಡಿಯುವ ಪುಟ್ಟ ಟ್ಯೂಬ್‌ಗಳಿವೆ. “ಈ ಪರೀಕ್ಷೆ ಇವತ್ತು ಮತ್ತೆ ಬೇಕೇ?” ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ.

ಇನ್ನು ಬೆರಳಿನ ಒಂದು ಹನಿಯ ಮಾತು. ಗ್ಲುಕೋಮೀಟರ್ ಪಟ್ಟಿ ಅಳೆಯುವುದು ಗ್ಲುಕೋಸ್ ಒಂದನ್ನೇ. ಲಿವರ್, ಥೈರಾಯ್ಡ್ ಬಗ್ಗೆ ಅದು ಏನನ್ನೂ ಹೇಳದು.

ರಕ್ತ ಕೊಡುವಾಗ ನೀವು ಗಮನಿಸಬೇಕಾದ್ದು

• ಸೂಜಿಯ ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆಯಬೇಕು.
• ಪ್ರತಿ ಟ್ಯೂಬ್ ಮೇಲೆ ನಿಮ್ಮ ಹೆಸರು, ವಯಸ್ಸು ಸರಿಯಾಗಿದೆಯೇ ಎಂದು ಅಲ್ಲೇ ನೋಡಿ.
• ಮುಷ್ಟಿಯನ್ನು ಪದೇ ಪದೇ ಬಿಗಿದು ಬಿಡಬೇಡಿ. ಇದರಿಂದಲೂ ಪೊಟ್ಯಾಸಿಯಂ ಹೆಚ್ಚು ತೋರಿಸಬಹುದು.
• ಮನೆಗೆ ಬಂದು ಸ್ಯಾಂಪಲ್ ಒಯ್ಯುವವರಿದ್ದರೆ, ಅದು ಲ್ಯಾಬ್ ತಲುಪುವುದು ಎಷ್ಟು ಹೊತ್ತಿಗೆ ಎಂದು ಕೇಳಿ.
• ನಿಮಗಿರುವ ಲಕ್ಷಣಕ್ಕೂ ರಿಪೋರ್ಟ್‌ಗೂ ತಾಳೆಯಾಗದಿದ್ದರೆ, ಗಾಬರಿಯಾಗದೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ವಿಚಾರಿಸಿ.

‘ರಕ್ತ ಮಾರುತ್ತಾರೆ’ ಎಂಬ ಸಂದೇಶ ನಂಬಿ ಯಾರಾದರೂ ಪರೀಕ್ಷೆಯನ್ನೇ ತಪ್ಪಿಸಿಕೊಂಡರೆ ನಷ್ಟ ಅವರಿಗೇ. ಆ ಸಂದೇಶ ನಿಮಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಈ ಬಣ್ಣಗಳ ಲೆಕ್ಕ ತಿಳಿಸಿ.